ಹಿರಿಯ ಮಗನ ಹೊಣೆ: ಐರ್ಲೆಂಡಿನ ವೆಲ್ಲೆಸ್ಲಿ ಮನೆತನ

ಕರ್ನಾಟಕದ ಚರಿತ್ರೆಯಲ್ಲಿ ‘ವೆಲ್ಲೆಸ್ಲಿ’ ಎಂಬ ಹೆಸರು 1799ರ ನಾಲ್ಕನೆಯ ಮೈಸೂರು ಯುದ್ಧದೊಂದಿಗೆ ಬೆಸೆದುಕೊಂಡಿದೆ. ಆದರೆ ಆ ಒಂದು ಹೆಸರಿನಡಿ ಒಂದೇ ತಾಯಿಯ ಮೂವರು ಮಕ್ಕಳು ಆಗ ದಕ್ಷಿಣ ಭಾರತದಲ್ಲಿದ್ದರು ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಮದ್ರಾಸಿನಲ್ಲಿ ಕುಳಿತು ಯುದ್ಧದ ಸೂತ್ರ ಹಿಡಿದಿದ್ದ ಗವರ್ನರ್ ಜನರಲ್ ರಿಚರ್ಡ್, ನಿಜಾಮನ ಕಡೆಯ ಪಡೆಯೊಡನೆ ಶ್ರೀರಂಗಪಟ್ಟಣಕ್ಕೆ ಬಂದ ಕರ್ನಲ್ ಆರ್ಥರ್, ಯುದ್ಧ ಮುಗಿದ ಮೇಲೆ ರಾಜ್ಯದ ಹಂಚಿಕೆಗೆ ನೇಮಕವಾದ ಆಯೋಗದ ಸದಸ್ಯ ಹೆನ್ರಿ, ಈ ಮೂವರೂ ಐರ್ಲೆಂಡಿನ ಒಂದು ಜಮೀನ್ದಾರಿ ಮನೆತನದ ಕುಡಿಗಳು. ಆರ್ಥರ್ ಮುಂದೆ 1815ರಲ್ಲಿ ವಾಟರ್‌ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿ, ವೆಲಿಂಗ್ಟನ್ನಿನ ಡ್ಯೂಕ್ ಎಂದು ಜಗತ್ಪ್ರಸಿದ್ಧನಾದನು. ಅವನನ್ನು ಓದಿಸಿ, ಸೈನ್ಯಕ್ಕೆ ಸೇರಿಸಿ, ಸಾಲ ಕೊಟ್ಟು ಮೇಲೆತ್ತಿದ ಅಣ್ಣ ರಿಚರ್ಡ್ ಆ ಕೀರ್ತಿಯ ನೆರಳಿಗೆ ಸರಿದುಹೋದನು. 18ನೆಯ ಶತಮಾನದ ಬ್ರಿಟಿಷ್ ರಾಜಕಾರಣದಲ್ಲಿ ಬಿರುದು, ಸಂಸತ್ತಿನ ಸ್ಥಾನ, ಸೈನ್ಯದ ಹುದ್ದೆ, ಕೊನೆಗೆ ಸಾಲ ಕೂಡ ಒಬ್ಬ ವ್ಯಕ್ತಿಯದಾಗಿರದೆ ಇಡೀ ಮನೆತನದ್ದಾಗಿತ್ತು ಎಂಬುದನ್ನು ಅರಿಯಲು ಈ ಹಿರಿಯ ಮಗನ ಬಾಳಿಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಸಂಗೀತಗಾರ ತಂದೆ, ಸಾಲದ ಆಸ್ತಿ

ಅಂದಿನ ಐರ್ಲೆಂಡ್ ಬ್ರಿಟನ್ನಿನ ದೊರೆಗೆ ಅಧೀನವಾಗಿದ್ದರೂ ಡಬ್ಲಿನ್ನಿನಲ್ಲಿ ತನ್ನದೇ ಸಂಸತ್ತನ್ನು ಹೊಂದಿತ್ತು. ದೇಶದ ಬಹುಪಾಲು ಜನ ಕ್ಯಾಥೊಲಿಕ್ ಪಂಥದವರಾಗಿದ್ದರೂ ಅವರಿಗೆ ಸಂಸತ್ತಿನಲ್ಲಿ ಕೂರುವ ಹಕ್ಕಿರಲಿಲ್ಲ. ಭೂಮಿ, ನ್ಯಾಯಾಲಯ, ಅಧಿಕಾರಗಳೆಲ್ಲ ಪ್ರಾಟೆಸ್ಟೆಂಟ್ ಪಂಥಕ್ಕೆ ಸೇರಿದ ಸಣ್ಣದೊಂದು ಜಮೀನ್ದಾರ ವರ್ಗದ ಕೈಯಲ್ಲಿದ್ದವು. ಚರಿತ್ರಕಾರರು ‘ಅಸೆಂಡೆನ್ಸಿ’ ಎಂದು ಕರೆಯುವ ಈ ಮೇಲ್ವರ್ಗದ ಕುಟುಂಬಗಳಲ್ಲಿ ಅನೇಕವು ಇಂಗ್ಲೆಂಡಿನಿಂದ ಬಂದು ನೆಲೆನಿಂತವು. ತಲೆಮಾರುಗಳು ಕಳೆದರೂ ಐರಿಷ್ ಪ್ರಜೆಗಳ ಕಣ್ಣಿಗೆ ಅವು ಇಂಗ್ಲಿಷರದ್ದೆಂದೂ ಇಂಗ್ಲಿಷರ ಕಣ್ಣಿಗೆ ಐರಿಷರದ್ದೆಂದೂ ತೋರುತ್ತಿದ್ದವು. ಈ ಎಡೆಬಿಡಂಗಿತನ ರಿಚರ್ಡ್‌ನನ್ನು ಬದುಕಿನುದ್ದಕ್ಕೂ ಕಾಡಿತು.

ಮನೆತನದ ಮೂಲ ಹೆಸರು ಕಾಲಿ. ರಿಚರ್ಡ್‌ನ ಅಜ್ಜ ರಿಚರ್ಡ್ ಕಾಲಿ, ಮೀತ್ ಜಿಲ್ಲೆಯ ಡ್ಯಾಂಗನ್ನಿನಲ್ಲಿದ್ದ ದಾಯಾದಿ ಗ್ಯಾರೆಟ್ ವೆಸ್ಲಿಯ ಆಸ್ತಿಗೆ 1728ರಲ್ಲಿ ವಾರಸುದಾರನಾಗಿ, ಆಸ್ತಿಯ ಜೊತೆಗೆ ‘ವೆಸ್ಲಿ’ ಎಂಬ ಹೆಸರನ್ನೂ ಧರಿಸಿದನು. ಬ್ರಿಟಿಷ್ ಕುಲೀನ ಪದವಿಗಳು ಬ್ಯಾರನ್, ವೈಕೌಂಟ್, ಅರ್ಲ್, ಮಾರ್ಕ್ವಿಸ್, ಡ್ಯೂಕ್ ಎಂಬ ಐದು ಮೆಟ್ಟಿಲುಗಳಲ್ಲಿ ಏರುತ್ತವೆ. ಅಜ್ಜ 1746ರಲ್ಲಿ ಮೊದಲ ಮೆಟ್ಟಿಲನ್ನು ಹತ್ತಿ ಮಾರ್ನಿಂಗ್ಟನ್ನಿನ ಬ್ಯಾರನ್ ಆದರೆ, ಅವನ ಮಗ ಗ್ಯಾರೆಟ್ 1760ರಲ್ಲಿ ಒಮ್ಮೆಗೇ ಅರ್ಲ್ ಪದವಿಗೇರಿದನು. ಗ್ಯಾರೆಟ್‌ನಿಗೆ ರಾಜಕಾರಣಕ್ಕಿಂತ ಸಂಗೀತದಲ್ಲಿ ಒಲವು ಹೆಚ್ಚು. ಪಿಟೀಲು ನುಡಿಸುತ್ತ, ಹಲವು ಕಂಠಗಳು ಕೂಡಿ ಹಾಡುವ ಗೀತೆಗಳನ್ನು ರಚಿಸುತ್ತಿದ್ದ ಈತ 1764ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊತ್ತಮೊದಲ ಸಂಗೀತ ಪ್ರಾಧ್ಯಾಪಕನಾದನು. ವೈಕೌಂಟ್ ಡಂಗ್ಯಾನನ್ನನ ಮಗಳು ಆನ್ ಹಿಲ್ ಇವನ ಪತ್ನಿ. ಈ ದಂಪತಿಯ ಮೊದಲ ಮಗ ರಿಚರ್ಡ್ 1760ರ ಜೂನ್ 20ರಂದು ಜನಿಸಿದನು. ಅವನ ಬೆನ್ನಿಗೆ ಹುಟ್ಟಿ ಉಳಿದವರಲ್ಲಿ ವಿಲಿಯಂ, ಆನ್, ಆರ್ಥರ್, ಪಾದ್ರಿಯಾದ ಜೆರಾಲ್ಡ್ ವ್ಯಾಲೇರಿಯನ್ ಮತ್ತು ರಾಯಭಾರಿಯಾದ ಹೆನ್ರಿ ಹೆಸರುವಾಸಿಯಾದರು.

ರಿಚರ್ಡ್ ಬಾಲ್ಯದಿಂದಲೇ ಚುರುಕು, ಅಷ್ಟೇ ಹಟಮಾರಿ. ಹ್ಯಾರೋ ಶಾಲೆಯಲ್ಲಿ ಹೊಸ ಮುಖ್ಯೋಪಾಧ್ಯಾಯನ ನೇಮಕದ ವಿರುದ್ಧ ವಿದ್ಯಾರ್ಥಿಗಳು ಎಬ್ಬಿಸಿದ ಗಲಭೆಯಲ್ಲಿ ಪಾಲ್ಗೊಂಡು ಅಲ್ಲಿಂದ ಹೊರಬಿದ್ದ ಹುಡುಗ, ಈಟನ್ ಶಾಲೆಗೆ ಸೇರಿ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಅಸಾಧಾರಣ ಪಾಂಡಿತ್ಯ ಗಳಿಸಿದನು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ 1780ರಲ್ಲಿ, ನಾವಿಕ ಕ್ಯಾಪ್ಟನ್ ಕುಕ್‌ನ ಸಾವನ್ನು ಕುರಿತ ಲ್ಯಾಟಿನ್ ಕವಿತೆಗೆ ವಿಶ್ವವಿದ್ಯಾಲಯದ ಬಹುಮಾನವನ್ನೂ ಪಡೆದನು. ಮರುವರ್ಷ ಮೇ ತಿಂಗಳಲ್ಲಿ ತಂದೆ ತೀರಿಕೊಂಡಾಗ ರಿಚರ್ಡ್‌ನಿಗೆ ಇಪ್ಪತ್ತೊಂದು ತುಂಬಿರಲಿಲ್ಲ. ಪದವಿ ಮುಗಿಸದೆ ಆಕ್ಸ್‌ಫರ್ಡ್ ಬಿಟ್ಟ ಆತನಿಗೆ ಪಿತ್ರಾರ್ಜಿತವಾಗಿ ಬಂದದ್ದು ಎರಡನೆಯ ಅರ್ಲ್ ಆಫ್ ಮಾರ್ನಿಂಗ್ಟನ್ ಎಂಬ ಬಿರುದು, ಅಡವಿಟ್ಟ ಜಮೀನು, ತಂದೆಯ ಸಾಲ ಮತ್ತು ಇನ್ನೂ ಓದಬೇಕಿದ್ದ ತಮ್ಮಂದಿರು. ಸಾಲ ತೀರಿಸುವ ಹೊಣೆಯನ್ನು ಅವನು ತಾನಾಗಿ ಹೊತ್ತುಕೊಂಡನು. 1793ರಲ್ಲಿ ಡ್ಯಾಂಗನ್ನಿನ ಮನೆ ಮತ್ತು ಎಸ್ಟೇಟನ್ನೇ ಮಾರಬೇಕಾಗಿ ಬಂದಿತು.

ಒಂದು ಊರು, ನಾಲ್ವರು ಅಣ್ಣತಮ್ಮಂದಿರು

ಆಸ್ತಿ ಕರಗುತ್ತಿದ್ದರೂ ಮನೆತನದ ಕೈಯಲ್ಲಿ ಇನ್ನೊಂದು ಬಗೆಯ ಸಂಪತ್ತು ಉಳಿದಿತ್ತು. ಡ್ಯಾಂಗನ್ನಿಗೆ ಸಮೀಪದ ಟ್ರಿಮ್ ಎಂಬ ಸಣ್ಣ ಪಟ್ಟಣಕ್ಕೆ ಐರಿಷ್ ಸಂಸತ್ತಿನ ಕಾಮನ್ಸ್ ಸಭೆಗೆ, ಎಂದರೆ ಚುನಾಯಿತ ಪ್ರತಿನಿಧಿಗಳ ಕೆಳಮನೆಗೆ, ಇಬ್ಬರನ್ನು ಕಳುಹಿಸುವ ಹಕ್ಕಿತ್ತು. ಅಲ್ಲಿ ಮತ ಹಾಕುವವರು ಬೆರಳೆಣಿಕೆಯಷ್ಟಿದ್ದು, ಜಮೀನ್ದಾರನ ಇಷ್ಟವೇ ಚುನಾವಣೆಯ ತೀರ್ಪಾಗುತ್ತಿತ್ತು. ಇಂಥ ಕ್ಷೇತ್ರಗಳು ಒಡೆಯನ ಜೇಬಿನಲ್ಲಿವೆ ಎಂಬರ್ಥದಲ್ಲಿ ಅವನ್ನು ‘ಪಾಕೆಟ್ ಬರೋ’ ಎಂದು ಕರೆಯುತ್ತಿದ್ದರು. ಟ್ರಿಮ್ ಕ್ಷೇತ್ರದಿಂದ 1780ರಲ್ಲಿ ರಿಚರ್ಡ್, ಅವನು ಅರ್ಲ್ ಆಗಿ ಮೇಲ್ಮನೆಗೆ ಹೋದ ಬಳಿಕ 1783ರಲ್ಲಿ ವಿಲಿಯಂ, 1790ರಲ್ಲಿ ಆರ್ಥರ್, 1795ರಲ್ಲಿ ಹೆನ್ರಿ, ಹೀಗೆ ನಾಲ್ವರೂ ಒಬ್ಬರಾದ ಮೇಲೊಬ್ಬರು ಸಂಸತ್ತನ್ನು ಪ್ರವೇಶಿಸಿದರು.

ಆರ್ಥರ್‌ನ ವಿಷಯದಲ್ಲಿ ಅಣ್ಣನ ನೆರವು ಇನ್ನೂ ನೇರವಾದದ್ದು. ಓದಿನಲ್ಲಿ ಹಿಂದುಳಿದಿದ್ದ, ಪಿಟೀಲು ನುಡಿಸುವುದರಲ್ಲಷ್ಟೇ ಆಸಕ್ತಿ ತೋರುತ್ತಿದ್ದ ತಮ್ಮನನ್ನು ಈಟನ್ನಿನಿಂದ ಬಿಡಿಸಿ, ಫ್ರಾನ್ಸಿನ ಆಂಜೆಯಲ್ಲಿದ್ದ ಕುದುರೆ ಸವಾರಿಯ ಶಾಲೆಯಲ್ಲಿ ತರಬೇತಿ ಕೊಡಿಸಿದ ಮೇಲೆ, ರಿಚರ್ಡ್‌ನ ಶಿಫಾರಸಿನಿಂದ 1787ರಲ್ಲಿ ಅವನಿಗೆ ಸೈನ್ಯದಲ್ಲಿ ಹುದ್ದೆ ದೊರೆಯಿತು. ಬ್ರಿಟಿಷ್ ಸೈನ್ಯದ ಅಧಿಕಾರಿ ಹುದ್ದೆಗಳನ್ನು ಆಗ ಹಣ ಕೊಟ್ಟು ಕೊಳ್ಳುವ ಪದ್ಧತಿಯಿತ್ತು. 1793ರಲ್ಲಿ, ಡ್ಯಾಂಗನ್ ಮಾರಾಟವಾದ ವರ್ಷದಲ್ಲೇ, 33ನೆಯ ಪದಾತಿ ದಳದಲ್ಲಿ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಕೊಳ್ಳಲು ಆರ್ಥರ್‌ನಿಗೆ ಹಣ ಸಾಲ ಕೊಟ್ಟವನೂ ಅಣ್ಣನೇ.

ಐರಿಷ್ ಅರ್ಲ್ ಒಬ್ಬನಿಗೆ ಡಬ್ಲಿನ್ನಿನ ಪ್ರಭುಗಳ ಸಭೆಯಲ್ಲಿ ಸ್ಥಾನವಿತ್ತೇ ಹೊರತು ಲಂಡನ್ನಿನ ಪ್ರಭುಗಳ ಸಭೆಯಲ್ಲಿ ಇರಲಿಲ್ಲ. ಆದರೆ ಇದೇ ಕೊರತೆ ಅವನಿಗೆ ಲಂಡನ್ನಿನ ಕಾಮನ್ಸ್ ಸಭೆಗೆ ಸ್ಪರ್ಧಿಸಲು ದಾರಿ ತೆರೆಯುತ್ತಿತ್ತು. ರಿಚರ್ಡ್ 1784ರಲ್ಲಿ ಆ ದಾರಿ ಹಿಡಿದು, ಪ್ರಧಾನಿ ವಿಲಿಯಂ ಪಿಟ್‌ನ ಬಳಗಕ್ಕೆ ಸೇರಿದನು. 1789ರಲ್ಲಿ ಮನೆತನದ ಹೆಸರನ್ನು ‘ವೆಸ್ಲಿ’ಯಿಂದ ಹೆಚ್ಚು ಪ್ರಾಚೀನವೆನಿಸುವ ‘ವೆಲ್ಲೆಸ್ಲಿ’ಗೆ ಬದಲಿಸಿಕೊಂಡನು. 1793ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಮೇಲೆ ಕಣ್ಣಿಡಲು ಸರ್ಕಾರ ರಚಿಸಿದ್ದ ನಿಯಂತ್ರಣ ಮಂಡಳಿಯ ಸದಸ್ಯನಾಗಿ ಭಾರತದ ವ್ಯವಹಾರಗಳ ಕಡತಗಳನ್ನು ಓದತೊಡಗಿದನು. 1797ರಲ್ಲಿ ಗವರ್ನರ್ ಜನರಲ್ ಹುದ್ದೆ ಅವನಿಗೆ ಒಲಿದದ್ದರ ಹಿಂದೆ ಈ ಓದು, ಪಿಟ್‌ನ ಸ್ನೇಹ ಎರಡೂ ಇದ್ದವು.

ಈ ನಡುವೆ ಮನೆಯೊಳಗಿನ ಬದುಕು ಬೇರೆಯದೇ ಜಾಡು ಹಿಡಿದಿತ್ತು. ಹಯಸಿಂತ್ ಗ್ಯಾಬ್ರಿಯೆಲ್ ರೋಲಾಂಡ್ ಎಂಬ ಫ್ರೆಂಚ್ ಮಹಿಳೆಯೊಡನೆ ರಿಚರ್ಡ್ ಅನೇಕ ವರ್ಷ ಸಂಸಾರ ನಡೆಸಿದ್ದು, ಅವರಿಗೆ ಮೂವರು ಗಂಡು, ಇಬ್ಬರು ಹೆಣ್ಣುಮಕ್ಕಳಾದ ಬಳಿಕ 1794ರ ನವೆಂಬರ್‌ನಲ್ಲಿ ಮದುವೆಯಾದನು. ಮದುವೆಗೆ ಮುಂಚೆ ಹುಟ್ಟಿದ ಮಕ್ಕಳು ತಂದೆತಾಯಿ ಆಮೇಲೆ ಮದುವೆಯಾದರೂ ಔರಸರಾಗುವುದಿಲ್ಲ ಎಂಬುದು ಅಂದಿನ ಇಂಗ್ಲಿಷ್ ಕಾನೂನು. ಹಾಗಾಗಿ ಐವರಲ್ಲಿ ಒಬ್ಬರಿಗೂ ಅರ್ಲ್ ಬಿರುದಿನಲ್ಲಿ ಹಕ್ಕು ಇರಲಿಲ್ಲ. 1797ರ ನವೆಂಬರ್‌ನಲ್ಲಿ ಆತ ಹಡಗು ಹತ್ತಿದಾಗ ಹೆಂಡತಿ ಜೊತೆಗೆ ಬರಲಿಲ್ಲ. ಎಂಟು ವರ್ಷ ಸಮುದ್ರದ ಆಚೀಚೆ ಇದ್ದ ಈ ದಾಂಪತ್ಯ ಮತ್ತೆ ಕೂಡಿಕೊಳ್ಳಲಿಲ್ಲ. 1810ರಲ್ಲಿ ಇಬ್ಬರೂ ಬೇರೆಯಾದರು, 1816ರಲ್ಲಿ ಆಕೆ ತೀರಿಕೊಂಡಳು.

ಮೈಸೂರಿನಲ್ಲಿ ಮೂವರು

ರಿಚರ್ಡ್ 1798ರ ಮೇ ತಿಂಗಳಲ್ಲಿ ಕಲ್ಕತ್ತೆ ತಲುಪಿದಾಗ ಆರ್ಥರ್ ತನ್ನ ದಳದೊಡನೆ ಮೊದಲೇ ಭಾರತಕ್ಕೆ ಬಂದಿದ್ದನು. ಹೆನ್ರಿ ಅಣ್ಣನ ಖಾಸಗಿ ಕಾರ್ಯದರ್ಶಿಯಾಗಿ ಜೊತೆಗೇ ಬಂದನು. ಟಿಪ್ಪು ಸುಲ್ತಾನನ ದೂತರು ಮಾರಿಷಸ್ಸಿಗೆ ಹೋಗಿದ್ದರೆಂದೂ ಟಿಪ್ಪುವಿನ ನೆರವಿಗೆ ಸ್ವಯಂಸೈನಿಕರು ಬೇಕೆಂದೂ ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ಟಿಕ್ ಹೊರಡಿಸಿದ್ದ ಪ್ರಕಟಣೆ ಜೂನ್ ತಿಂಗಳಲ್ಲಿ ರಿಚರ್ಡ್‌ನ ಕೈಸೇರಿದ್ದು, ಯುದ್ಧಕ್ಕೆ ಬೇಕಾದ ನೆಪ ಸಿಕ್ಕಂತಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ನಿಜಾಮನೊಡನೆ ಆದ ಒಪ್ಪಂದ ಅವನ ಆಡಳಿತದ ಮಾದರಿಯೇ ಆಯಿತು. ‘ಸಹಾಯಕ ಸೈನ್ಯ ಪದ್ಧತಿ’ ಎಂಬ ಈ ವ್ಯವಸ್ಥೆಯಲ್ಲಿ ಒಬ್ಬ ಅರಸ ಕಂಪನಿಯ ಸೈನ್ಯವನ್ನು ತನ್ನ ರಾಜ್ಯದಲ್ಲಿ ಇರಿಸಿಕೊಂಡು ಅದರ ಖರ್ಚನ್ನು ತಾನೇ ಭರಿಸಬೇಕಾಗಿತ್ತು, ಬೇರೆ ಯುರೋಪಿಯನ್ನರನ್ನು ಕೆಲಸದಿಂದ ತೆಗೆಯಬೇಕಾಗಿತ್ತು, ಪರರಾಜ್ಯಗಳ ಜೊತೆಗಿನ ವ್ಯವಹಾರವನ್ನು ಕಂಪನಿಗೆ ಒಪ್ಪಿಸಬೇಕಾಗಿತ್ತು. ರಕ್ಷಣೆಯ ಹೆಸರಿನಲ್ಲಿ ಅರಸನ ಕೈಯಿಂದಲೇ ಹಣ ಪಡೆದು ಅವನ ಸ್ವಾತಂತ್ರ್ಯವನ್ನೂ ಪಡೆಯುವ ಏರ್ಪಾಡು ಇದು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಬಳಿಕ ನಡೆದ ಬೆಳವಣಿಗೆಗಳಲ್ಲಿ ಮನೆತನದ ಮುದ್ರೆ ಢಾಳಾಗಿ ಕಾಣುತ್ತದೆ. ಕೋಟೆಗೆ ನುಗ್ಗಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಈತ ಹಿಂದೆ ಅದೇ ಶ್ರೀರಂಗಪಟ್ಟಣದಲ್ಲಿ ಹೈದರಾಲಿಯ ಸೆರೆಯಾಳಾಗಿ ವರ್ಷಗಟ್ಟಲೆ ಇದ್ದವನು. ಆದರೆ ಪಟ್ಟಣದ ಆಡಳಿತ ದೊರೆತದ್ದು, ಹುದ್ದೆಯಲ್ಲಿ ಅವನಿಗಿಂತ ಕಿರಿಯನಾದ ಆರ್ಥರ್‌ನಿಗೆ; ಬೇರ್ಡ್ ಈ ಅವಮಾನವನ್ನು ಮರೆಯಲಿಲ್ಲ. ರಾಜ್ಯದ ಭವಿಷ್ಯ ಗೊತ್ತುಮಾಡಲು ನೇಮಕವಾದ ಐವರ ಆಯೋಗದಲ್ಲಿ ಆರ್ಥರ್, ಹೆನ್ರಿ ಇಬ್ಬರೂ ಇದ್ದರು. ಕೆನರಾ, ವಯನಾಡು, ಕೊಯಮತ್ತೂರು ಸೀಮೆಗಳನ್ನೂ ಶ್ರೀರಂಗಪಟ್ಟಣವನ್ನೂ ಕಂಪನಿ ಇಟ್ಟುಕೊಂಡಿತು, ನಿಜಾಮನಿಗೆ ಅವನ ಪಾಲು ಸಂದಿತು. ಉಳಿದ ಸೀಮೆಗೆ ಐದರ ಪ್ರಾಯದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು 1799ರ ಜೂನ್ 30ರಂದು ಪಟ್ಟಕ್ಕೆ ಕೂರಿಸಿ, ಪೂರ್ಣಯ್ಯನನ್ನು ದಿವಾನನನ್ನಾಗಿಸಿ, ವರ್ಷಕ್ಕೆ ಏಳು ಲಕ್ಷ ವರಹ ಪೊಗದಿ ಕಟ್ಟುವಂತೆ ಕರಾರು ಬರೆಸಲಾಯಿತು. ಹಳೆಯ ರಾಜವಂಶವನ್ನು ಮರಳಿ ತಂದ ಉದಾರತೆ ಎಂದು ಹೊರಗೆ ಕಂಡ ಈ ಏರ್ಪಾಡಿನಲ್ಲಿ, ಆಡಳಿತ ಸರಿಯಿಲ್ಲವೆನಿಸಿದರೆ ಕಂಪನಿಯೇ ಅದನ್ನು ವಹಿಸಿಕೊಳ್ಳಬಹುದೆಂಬ ಷರತ್ತೂ ಅಡಗಿತ್ತು; 1831ರಲ್ಲಿ ಬ್ರಿಟಿಷರು ಅದನ್ನೇ ಬಳಸಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು.

ಆ ಕಾಲದ ಕುರುಹೊಂದು ಶ್ರೀರಂಗಪಟ್ಟಣದಲ್ಲಿ ಇಂದಿಗೂ ಇದೆ. ಕಾವೇರಿಗೆ ಅಡ್ಡಲಾಗಿ ಕಲ್ಲುಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಕಲ್ಲಿನ ತೊಲೆಗಳನ್ನು ಹಾಸಿ ಪೂರ್ಣಯ್ಯನ ಕಾಲದಲ್ಲಿ ಕಟ್ಟಿ, 1804ರಲ್ಲಿ ಮುಗಿಸಿದ ಸೇತುವೆಗೆ ಗವರ್ನರ್ ಜನರಲ್‌ನ ಗೌರವಾರ್ಥ ‘ವೆಲ್ಲೆಸ್ಲಿ ಸೇತುವೆ’ ಎಂದು ಹೆಸರಿಡಲಾಯಿತು. ಹೆಸರು ಐರ್ಲೆಂಡಿನ ಮನೆತನದ್ದಾದರೂ ಕಟ್ಟಡದ ಕೈಚಳಕವೆಲ್ಲ ಈ ನೆಲದ್ದು. ಗೆದ್ದ ನಾಡನ್ನು ಅರಿಯುವ ರಿಚರ್ಡ್‌ನ ಹಂಬಲದಿಂದ ಕನ್ನಡ ನಾಡಿಗೆ ಬೇರೆ ದಾಖಲೆಗಳೂ ದಕ್ಕಿವೆ. ಅವನ ಆದೇಶದಂತೆ 1800–1801ರಲ್ಲಿ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ ಬೆಳೆ, ಕಸುಬು, ಜಾತಿ, ಸಂತೆ, ನೀರಾವರಿಗಳ ವಿವರ ಕಲೆಹಾಕಿದ್ದು, 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನ ಇಂದಿಗೂ ಸಂಶೋಧಕರಿಗೆ ಆಕರವಾಗಿದೆ. ಕಂಪನಿಯ ಎಳೆಯ ಅಧಿಕಾರಿಗಳಿಗೆ ದೇಶಭಾಷೆಗಳನ್ನು ಕಲಿಸಲು ರಿಚರ್ಡ್ 1800ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು.

ಚಿನ್ನದ ಮುಲಾಮಿನ ಆಲೂಗಡ್ಡೆ

ಮೈಸೂರಿನ ಗೆಲುವಿಗೆ ಬ್ರಿಟನ್ನಿನ ಅತ್ಯುನ್ನತ ಗೌರವವಾದ ಗಾರ್ಟರ್ ಪದಕವನ್ನೋ ಇಂಗ್ಲಿಷ್ ಮಾರ್ಕ್ವಿಸ್ ಪದವಿಯನ್ನೋ ನಿರೀಕ್ಷಿಸುತ್ತಿದ್ದ ರಿಚರ್ಡ್‌ನಿಗೆ 1799ರ ಡಿಸೆಂಬರ್‌ನಲ್ಲಿ ಸಂದದ್ದು ಐರ್ಲೆಂಡಿನ ಮಾರ್ಕ್ವಿಸ್ ಪದವಿ. ಐರಿಷ್ ಬಿರುದುಗಳು ಲಂಡನ್ನಿನಲ್ಲಿ ಎರಡನೆಯ ದರ್ಜೆಯವೆಂದು ಎಣಿಕೆಯಾಗುತ್ತಿದ್ದ ಕಾಲವದು. ತನ್ನ ಸಾಧನೆಯಲ್ಲಿ ಐರಿಷ್ ಆದದ್ದೇನೂ ಇರಲಿಲ್ಲವೆಂದು ಕೆರಳಿದ ಆತ, ಬಡ ಐರಿಷರ ದಿನನಿತ್ಯದ ಆಹಾರವನ್ನೇ ಹೋಲಿಕೆಗೆ ಎಳೆದು, ತನಗೆ ಸಿಕ್ಕದ್ದು ಎರಡು ಸಲ ಚಿನ್ನದ ಮುಲಾಮು ಹಚ್ಚಿದ ಆಲೂಗಡ್ಡೆಯೆಂದು ಪತ್ರದಲ್ಲಿ ಹೀಗಳೆದನು. ಐರ್ಲೆಂಡಿನಲ್ಲಿ ಹುಟ್ಟಿ, ಐರಿಷ್ ಬಿರುದಿನಿಂದಲೇ ರಾಜಕಾರಣಕ್ಕೆ ಕಾಲಿಟ್ಟವನು ಅದೇ ನಾಡಿನ ಹೆಸರನ್ನು ಅವಮಾನವೆಂದು ಭಾವಿಸಿದ್ದು ಅಸೆಂಡೆನ್ಸಿ ವರ್ಗದ ಒಳಮನಸ್ಸನ್ನು ಬಯಲು ಮಾಡುತ್ತದೆ. ಆದರೆ ಹಣದ ವಿಷಯದಲ್ಲಿ ಆತ ಹೀಗಿರಲಿಲ್ಲ: ಶ್ರೀರಂಗಪಟ್ಟಣದ ಲೂಟಿಯಿಂದ ತನಗೆ ನೀಡಬಂದ 1,00,000 ಪೌಂಡುಗಳನ್ನು, ಅದು ಸೈನಿಕರ ಪಾಲೆಂದು ಹೇಳಿ, ಸಾಲ ಹೊತ್ತಿದ್ದ ಮನುಷ್ಯನೇ ನಿರಾಕರಿಸಿದನು.

ಮುಂದಿನ ಆರು ವರ್ಷಗಳಲ್ಲಿ ತಂಜಾವೂರು, ಆರ್ಕಾಟು, ಅವಧದ ಅರ್ಧಭಾಗ ಕಂಪನಿಯ ವಶವಾದವು. 1803ರಲ್ಲಿ ಮರಾಠರ ಮೇಲೆ ಯುದ್ಧ ಸಾರಿದಾಗ ಅಸ್ಸಾಯೆಯ ಕಾಳಗವನ್ನು ಗೆದ್ದವನು ಆರ್ಥರ್. ಆದರೆ ವ್ಯಾಪಾರದ ಲಾಭಕ್ಕೆ ಕಾದಿದ್ದ ಕಂಪನಿಯ ನಿರ್ದೇಶಕರಿಗೆ ಯುದ್ಧದ ಸಾಲ, ಕಲ್ಕತ್ತೆಯಲ್ಲಿ ಅರಮನೆಯಂತೆ ಎದ್ದ ಗವರ್ನರ್ ಜನರಲ್ ನಿವಾಸದ ವೆಚ್ಚ, ಅವಧದಿಂದ ಬಂದ ಪ್ರಾಂತಗಳ ಮೇಲಧಿಕಾರವನ್ನು ತಮ್ಮ ಹೆನ್ರಿಗೆ ಒಪ್ಪಿಸಿದ ರೀತಿ ಯಾವುದೂ ಹಿಡಿಸಲಿಲ್ಲ. 1804ರಲ್ಲಿ ಹೋಳ್ಕರನ ಕೈಯಲ್ಲಿ ಕಂಪನಿಯ ತುಕಡಿಯೊಂದು ದಿಕ್ಕೆಟ್ಟು ಹಿಮ್ಮೆಟ್ಟಿದ ಸುದ್ದಿ ಲಂಡನ್ ಮುಟ್ಟಿದ ಮೇಲೆ, 1805ರಲ್ಲಿ ಆತನ ಸ್ಥಾನಕ್ಕೆ ಕಾರ್ನ್‌ವಾಲಿಸ್ ಬಂದನು. 1806ರ ಜನವರಿಯಲ್ಲಿ ರಿಚರ್ಡ್ ಇಂಗ್ಲೆಂಡ್ ತಲುಪಿದನು. ಅವನ ಆಸರೆಯಾಗಿದ್ದ ಪಿಟ್ ಅದೇ ತಿಂಗಳು ತೀರಿಕೊಂಡನು.

ಹುಟ್ಟೂರಿಗೆ ರಾಜಪ್ರತಿನಿಧಿಯಾಗಿ

ಆ ಬಳಿಕ ರಿಚರ್ಡ್ 1809ರಲ್ಲಿ ಸ್ಪೇನಿಗೆ ರಾಯಭಾರಿಯಾಗಿ, ವರ್ಷದ ಕೊನೆಯಿಂದ 1812ರವರೆಗೆ ವಿದೇಶಾಂಗ ಸಚಿವನಾಗಿ, ಪೋರ್ಚುಗಲ್–ಸ್ಪೇನ್‌ಗಳಲ್ಲಿ ಹೋರಾಡುತ್ತಿದ್ದ ಆರ್ಥರ್‌ನಿಗೆ ಸರ್ಕಾರದೊಳಗಿನಿಂದ ಬೆಂಬಲವಾಗಿ ನಿಂತನು. 1812ರ ಮೇ ತಿಂಗಳಲ್ಲಿ ಪ್ರಧಾನಿ ಪರ್ಸಿವಲ್‌ನ ಹತ್ಯೆಯಾದಾಗ ಸರ್ಕಾರ ರಚಿಸುವ ಅವಕಾಶ ಅವನಿಗೇ ಬಂದಿತಾದರೂ, ಅವನ ಕೈಕೆಳಗೆ ಕೆಲಸ ಮಾಡಲು ಸಹೋದ್ಯೋಗಿಗಳು ಒಪ್ಪದೆ ಅದು ಕೈತಪ್ಪಿತು. ಇಲ್ಲಿಂದ ಮುಂದೆ ಅಣ್ಣತಮ್ಮಂದಿರ ತಕ್ಕಡಿ ತಿರುಗಿತು: ಆರ್ಥರ್ 1814ರಲ್ಲಿ ಡ್ಯೂಕ್ ಆಗಿ ಅಣ್ಣನಿಗಿಂತ ಒಂದು ಮೆಟ್ಟಿಲು ಮೇಲೇರಿದನು, 1828ರಲ್ಲಿ ಅಣ್ಣನಿಗೆ ದಕ್ಕದ ಪ್ರಧಾನಿ ಪಟ್ಟವನ್ನೂ ಪಡೆದನು.

ಯಾವ ಐರ್ಲೆಂಡಿನ ಹೆಸರನ್ನು ರಿಚರ್ಡ್ ಹೀಗಳೆದಿದ್ದನೋ ಅದೇ ನಾಡಿಗೆ 1821ರಲ್ಲಿ ಲಾರ್ಡ್ ಲೆಫ್ಟಿನೆಂಟ್ ಆಗಿ, ಎಂದರೆ ದೊರೆಯ ಪ್ರತಿನಿಧಿಯಾಗಿ ಮರಳಿದನು. 1801ರಲ್ಲಿ ಡಬ್ಲಿನ್ ಸಂಸತ್ತು ರದ್ದಾಗಿ ಐರ್ಲೆಂಡ್ ಲಂಡನ್ನಿನ ಆಡಳಿತಕ್ಕೆ ಸೇರಿಹೋಗಿತ್ತು. ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಯಬೇಕೆಂಬ ಬೇಡಿಕೆ ಬಲವಾಗುತ್ತಿತ್ತು. ರಿಚರ್ಡ್ ಈ ಬೇಡಿಕೆಯ ಬಹುಕಾಲದ ಬೆಂಬಲಿಗ. ಪ್ರಾಟೆಸ್ಟೆಂಟ್ ವಿಜಯದ ಸಂಕೇತವಾಗಿದ್ದ ಮೂರನೆಯ ವಿಲಿಯಂನ ಪ್ರತಿಮೆಗೆ ವರ್ಷವರ್ಷವೂ ಅಲಂಕಾರ ಮಾಡಿ ಕ್ಯಾಥೊಲಿಕರನ್ನು ಕೆಣಕುತ್ತಿದ್ದ ರೂಢಿಯನ್ನು ಆತ ತಡೆದಾಗ, ಕಟ್ಟಾ ಪ್ರಾಟೆಸ್ಟೆಂಟರು 1822ರ ಡಿಸೆಂಬರ್‌ನಲ್ಲಿ ಡಬ್ಲಿನ್ನಿನ ರಂಗಮಂದಿರದಲ್ಲಿ ನಾಟಕ ನೋಡುತ್ತಿದ್ದ ಅವನತ್ತ ಬಾಟಲಿ ಎಸೆದರು. ಸ್ವಂತ ವರ್ಗದವರೇ ಕೈಯೆತ್ತಿದ ಈ ಘಟನೆ ‘ಬಾಟಲಿ ಗಲಭೆ’ ಎಂದೇ ಹೆಸರಾಯಿತು.

1825ರ ಅಕ್ಟೋಬರ್‌ನಲ್ಲಿ ಆತ ಮಾಡಿಕೊಂಡ ಎರಡನೆಯ ಮದುವೆ ಇನ್ನೂ ಹೆಚ್ಚಿನ ಚರ್ಚೆಗೆ ಎಡೆಮಾಡಿತು. ವಧು ಮರಿಯಾನ್ ಪ್ಯಾಟರ್ಸನ್ ಅಮೆರಿಕದ ಬಾಲ್ಟಿಮೋರಿನ ವಿಧವೆ, ಕ್ಯಾಥೊಲಿಕ್ ಪಂಥದವಳು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಚಾರ್ಲ್ಸ್ ಕ್ಯಾರಲ್‌ನ ಮೊಮ್ಮಗಳು. ಆಕೆಯ ಮೊದಲ ಗಂಡನ ಸೋದರಿ ಒಂದು ಕಾಲಕ್ಕೆ ನೆಪೋಲಿಯನ್ನನ ತಮ್ಮ ಜೆರೋಮನ ಹೆಂಡತಿಯಾಗಿದ್ದವಳು. ಬ್ರಿಟಿಷ್ ದೊರೆಯ ಪ್ರತಿನಿಧಿಯ ಮನೆಗೆ ಕ್ಯಾಥೊಲಿಕ್ ಒಡತಿ ಬಂದದ್ದು ಡಬ್ಲಿನ್ನಿನ ಒಂದು ಪಾಳಯಕ್ಕೆ ಸಂಭ್ರಮ, ಇನ್ನೊಂದಕ್ಕೆ ಸಂಕಟ. ಈ ಸಂಬಂಧ ಆರ್ಥರ್‌ನಿಗೂ ರುಚಿಸಲಿಲ್ಲ. ತಮ್ಮ ಪ್ರಧಾನಿಯಾದಾಗ ಕ್ಯಾಥೊಲಿಕರ ಹಕ್ಕಿನ ವಿಚಾರದಲ್ಲಿ ಭಿನ್ನಮತ ತಲೆದೋರಿ 1828ರಲ್ಲಿ ಅಣ್ಣ ಹುದ್ದೆ ತೊರೆದನು. ಆದರೆ ಐರ್ಲೆಂಡಿನಲ್ಲಿ ದಂಗೆಯ ಭಯ ಕಂಡು ಮರುವರ್ಷವೇ ಆ ಹಕ್ಕನ್ನು ಶಾಸನವಾಗಿಸಿದವನು ಅದೇ ತಮ್ಮ. 1833ರಲ್ಲಿ ರಿಚರ್ಡ್ ಮತ್ತೊಮ್ಮೆ, ಅಲ್ಪಕಾಲಕ್ಕೆ, ಅದೇ ಹುದ್ದೆಗೆ ಮರಳಿದನು.

ಬಿರುದು ನಿಂತಿತು, ಬಳ್ಳಿ ಹಬ್ಬಿತು

ಇಳಿವಯಸ್ಸಿನಲ್ಲಿ ಸಾಲ ಅವನನ್ನು ಬಿಡಲಿಲ್ಲ. ಹಿಂದೆ ಅವನನ್ನು ದೂರಿದ್ದ ಕಂಪನಿಯೇ 1837ರಲ್ಲಿ 20,000 ಪೌಂಡುಗಳನ್ನು ಗೌರವಧನವಾಗಿ ನೀಡಿತು. ಬಾಲ್ಯದ ಒಲವಾದ ಲ್ಯಾಟಿನ್ ಪದ್ಯರಚನೆಗೆ ಮರಳಿದ ಆತ ತನ್ನ ಕವಿತೆಗಳನ್ನು 1840ರಲ್ಲಿ ಅಚ್ಚು ಹಾಕಿಸಿದನು. 1842ರ ಸೆಪ್ಟೆಂಬರ್ 26ರಂದು ತೀರಿಕೊಂಡ ಅವನನ್ನು ತಾನು ಓದಿದ ಈಟನ್ ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಸಮಾಧಿ ಮಾಡಲಾಯಿತು.

ಔರಸ ಪುತ್ರರಿಲ್ಲದ ಕಾರಣ ಅವನು ಹೀಗಳೆದಿದ್ದ ಮಾರ್ಕ್ವಿಸ್ ಪದವಿ ಅವನೊಡನೆ ಕೊನೆಗೊಂಡಿತು. ಮಾರ್ನಿಂಗ್ಟನ್ ಅರ್ಲ್ ಬಿರುದು ತಮ್ಮ ವಿಲಿಯಂಗೂ, ಅನಂತರ ಹೆಂಡತಿಯ ಅಪಾರ ಆಸ್ತಿಯನ್ನು ಪೋಲು ಮಾಡಿ ಕುಖ್ಯಾತನಾದ ವಿಲಿಯಂನ ಮಗನಿಗೂ, ಆಮೇಲೆ ಮೊಮ್ಮಗನಿಗೂ ಹೋಗಿ, 1863ರಲ್ಲಿ ಆರ್ಥರ್‌ನ ಮಗನಾದ ಎರಡನೆಯ ಡ್ಯೂಕ್ ಆಫ್ ವೆಲಿಂಗ್ಟನ್‌ನನ್ನು ಸೇರಿತು. ಅಣ್ಣ ಕಾಪಾಡಿದ ಮನೆತನದ ಬಿರುದು ಹೀಗೆ ತಮ್ಮನ ವಂಶದ ಹಲವು ಬಿರುದುಗಳ ಸಾಲಿನಲ್ಲಿ ಒಂದಾಯಿತು. ರಿಚರ್ಡ್‌ನ ಸ್ವಂತ ಬಳ್ಳಿ ಹಬ್ಬಿದ ದಿಕ್ಕು ಬೇರೆ. ಹಯಸಿಂತ್‌ಳ ಮಗಳು ಆನ್, ಮೊದಲ ಗಂಡನನ್ನು ಬಿಟ್ಟು ಲಾರ್ಡ್ ಚಾರ್ಲ್ಸ್ ಬೆಂಟಿಂಕನನ್ನು ಮದುವೆಯಾದಳು. ಅವರ ಮಗ ಒಬ್ಬ ಪಾದ್ರಿ, ಆ ಪಾದ್ರಿಯ ಮಗಳು ಸಿಸಿಲಿಯಾ, ಸಿಸಿಲಿಯಾಳ ಮಗಳು ಎಲಿಜಬೆತ್ 1936ರಲ್ಲಿ ಆರನೆಯ ಜಾರ್ಜ್ ದೊರೆಯ ರಾಣಿಯಾದಳು, ಆಕೆಯ ಮಗಳೇ ಎರಡನೆಯ ಎಲಿಜಬೆತ್. ತಂದೆಯ ಐರಿಷ್ ಬಿರುದಿನಲ್ಲಿ ಪಾಲಿಲ್ಲವೆಂದು ಕಾನೂನು ಹೊರಗಿಟ್ಟ ಮಗಳ ಸಂತತಿಯೇ ಇಂದು ಬ್ರಿಟನ್ನಿನ ಸಿಂಹಾಸನದ ಮೇಲಿದೆ.